ತೆಂಗಿನ ನಾರಿನ ಭೂವಸ್ತ್ರ: ಬೆಂಗಳೂರಿನ ಇಳಿಜಾರಿಗೆ 400 ಸಾಕೋ, 700 ಬೇಕೋ?

ತೀರ್ಪು ಮೊದಲೇ ಹೇಳಿಬಿಡೋಣ. ಸೈಟು ಸಮತಟ್ಟು ಮಾಡಲು ಕಡಿದ ದಿಣ್ಣೆ, ತೋಟದ ದಾರಿಯ ಪಕ್ಕದ ಇಳಿಜಾರು, ಕೃಷಿಹೊಂಡದ ಹೊರದಂಡೆ, ಇಂಥ ಕಡೆಗೆ 700 ಜಿ.ಎಸ್.ಎಂ. (ಚದರ ಮೀಟರಿಗೆ 700 ಗ್ರಾಂ ತೂಗುವ) ತೆಂಗಿನ ನಾರಿನ ಭೂವಸ್ತ್ರ, ಅಂದರೆ ಮಣ್ಣು ಕೊಚ್ಚದಂತೆ ಹಾಸುವ ಬಲೆ, ಕೊಟ್ಟ ದುಡ್ಡಿಗೆ ಮೋಸವಿಲ್ಲದ ಮಾಲು. 400 ಅಗ್ಗ, ಆದರೆ ಅದು ನಿಭಾಯಿಸುವ ಜಾಗ ಕಡಿಮೆ. 900 ಬೇಕಾಗುವುದು ಅಪರೂಪ. ಆದರೆ ಮೂರರಲ್ಲಿ ಯಾವುದನ್ನೇ ತನ್ನಿ, ಮೇಲಿನಿಂದ ನುಗ್ಗುವ ನೀರನ್ನು ಬೇರೆ ಕಡೆ ತಿರುಗಿಸದೆ, ಅಡಿಯಲ್ಲಿ ಬೀಜ ಬಿತ್ತದೆ ಹಾಸಿದರೆ ಹಣ ಮಣ್ಣುಪಾಲು. ಹಾಸು ಮಣ್ಣನ್ನು ಶಾಶ್ವತವಾಗಿ ಹಿಡಿಯುವುದಿಲ್ಲ. ಹುಲ್ಲು ಬೇರೂರುವವರೆಗೆ ಮಣ್ಣನ್ನು ಕಾಯುವುದಷ್ಟೇ ಅದರ ಕೆಲಸ.

ನಾರಿನ ಹುರಿಯನ್ನು ಹಾಸು-ಹೊಕ್ಕಾಗಿ ನೇಯ್ದ ಬಲೆ ಇದು. 400ರ ಕಣ್ಣು ಅಗಲ, ಹೆಬ್ಬೆರಳು ಸಲೀಸಾಗಿ ತೂರುತ್ತದೆ. 700ರಲ್ಲಿ ಕಿರುಬೆರಳು ತೂರೀತು. 900ರ ನೇಯ್ಗೆ ಇನ್ನೂ ಒತ್ತು. ಸುರುಳಿ ಸಾಮಾನ್ಯವಾಗಿ 50 ಮೀಟರ್ ಉದ್ದ, ಅಗಲ 1ರಿಂದ 4 ಮೀಟರ್. ಮಾಲಿಗೆ ಐ.ಎಸ್. 15869 ಎಂಬ ಭಾರತೀಯ ಮಾನಕವಿದೆ, ಮಳೆಯ ಕೊಚ್ಚಣೆ ತಡೆಯಲು ಹಾಸುವ ಕ್ರಮಕ್ಕೆ ಐ.ಎಸ್. 15872 ಮಾರ್ಗಸೂಚಿಯಿದೆ. ಬಿಲ್ಲಿನಲ್ಲಿ ಮೊದಲನೆಯ ಸಂಖ್ಯೆ, ಜಿ.ಎಸ್.ಎಂ., ಅಗಲ, ಉದ್ದ ನಾಲ್ಕನ್ನೂ ಬರೆಸಿಕೊಳ್ಳಿ. ಬರೀ 'ಕಾಯರ್ ಮ್ಯಾಟ್' ಎಂದು ಬರೆದ ಬಿಲ್ಲಿನಿಂದ ನಾಳೆ ಯಾವ ತಕರಾರನ್ನೂ ಸಾಧಿಸಲಾಗದು.

ನಾರೇ ಯಾಕೆ, ಸೆಣಬು ಯಾಕಲ್ಲ? ತೆಂಗಿನ ನಾರಿನಲ್ಲಿ ಲಿಗ್ನಿನ್ ಎಂಬ ಗಡಸು ಅಂಶ ಶೇ. 40ರ ಮೇಲಿದೆ, ಸೆಣಬಿನಲ್ಲಿ ಅದರ ಮೂರನೇ ಒಂದರ ಆಸುಪಾಸು. ಲಿಗ್ನಿನ್ ಹೆಚ್ಚಿದ್ದಷ್ಟೂ ಸೂಕ್ಷ್ಮಜೀವಿಗಳಿಗೆ ಅರಗಿಸಿಕೊಳ್ಳುವುದು ಕಷ್ಟ. ಹೀಗಾಗಿ ಸೆಣಬಿನ ಬಲೆ ಒಂದು ಮಳೆಗಾಲ ದಾಟಿದರೆ ಪುಣ್ಯ, ನಾರಿನದು ಎರಡು-ಮೂರು ವರ್ಷ ಬರುತ್ತದೆ. ಬೆಂಗಳೂರಿನ ಮಟ್ಟಿಗೆ ಈ ವ್ಯತ್ಯಾಸ ದೊಡ್ಡದು. ಇಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಮಳೆ ಇಲ್ಲವೆಂದೇ ಹೇಳಬೇಕು. ಮೊದಲ ವರ್ಷದ ಹುಲ್ಲು ಆ ಮೂರು ತಿಂಗಳಲ್ಲಿ ಒಣಗಿ ತೆಳುವಾಗುತ್ತದೆ, ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಬಂದು ಬೀಳುವುದು ಆ ಅರೆಬೋಳು ನೆಲದ ಮೇಲೆ. ಆಗ ಹಾಸು ಇನ್ನೂ ಗಟ್ಟಿಯಾಗಿರಬೇಕು.

ಇನ್ನು ನಮ್ಮ ಮಣ್ಣು ಮತ್ತು ಮಳೆ. ಊರಿನ ಸುತ್ತಲಿನದು ಹೆಚ್ಚಾಗಿ ಗ್ರಾನೈಟು-ನೈಸ್ ಬಂಡೆ ಶಿಥಿಲವಾಗಿ ಆದ ಕೆಂಪು ಮರಳುಗೋಡು. ಸಾವಯವ ಅಂಶ ಕಡಿಮೆ. ಬೋಳು ನೆಲಕ್ಕೆ ಹನಿ ಬಡಿದಾಗ ಹೆಂಟೆ ಪುಡಿಯಾಗಿ, ನವುರು ಕಣ ರಂಧ್ರಗಳಿಗೆ ಕೂತು, ಒಣಗಿದ ಮೇಲೆ ಮೇಲ್ಪದರ ಹಪ್ಪಳಗಟ್ಟುತ್ತದೆ. ಮುಂದಿನ ಮಳೆ ಒಳಗಿಳಿಯದೆ ಮೇಲೇ ಹರಿಯುತ್ತದೆ. ಐದು ಮಿ.ಮೀ. ವ್ಯಾಸದ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ನೆಲ ಮುಟ್ಟುತ್ತದೆ. ಹಾಸು ಮೊದಲು ತಡೆಯುವುದು ಆ ಪೆಟ್ಟನ್ನೇ. ಬೆಂಗಳೂರಿನ ವರ್ಷದ ಮಳೆ ಸರಾಸರಿ ಸಾವಿರ ಮಿ.ಮೀ. ಆಸುಪಾಸು. 2022ರ ಸೆಪ್ಟೆಂಬರ್ 5ರ ಬೆಳಗಿನ ಹೊತ್ತಿಗೆ 24 ಗಂಟೆಯಲ್ಲಿ 131.6 ಮಿ.ಮೀ. ಸುರಿದಿತ್ತು, 2024ರ ಜೂನ್ 2ರಂದು 111 ಮಿ.ಮೀ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು; ಹವಾಮಾನ ಬದಲಾವಣೆಯ ಚರ್ಚೆಯಲ್ಲಿ ಇಳಿಜಾರಿನ ಮಾಲೀಕರಿಗೆ ಬೇಕಾದ ಅಂಕಿ ಇದೊಂದೇ. ಮಣ್ಣು ಕೊಚ್ಚುವುದು ವರ್ಷದ ಒಟ್ಟು ಮಳೆಯಲ್ಲ, ಅರ್ಧ ಗಂಟೆಯ ಬಿರುಸು.

ದುಡ್ಡು ಎಲ್ಲಿ ಹಾಕಬೇಕು ಎಂಬುದಕ್ಕೆ ಸವಕಳಿ ಸಂಶೋಧಕರ ಸಮೀಕರಣವೇ ಉತ್ತರ ಕೊಡುತ್ತದೆ. ವಿಷ್‌ಮೈಯರ್ ಮತ್ತು ಸ್ಮಿತ್ ರೂಪಿಸಿದ ಸಾರ್ವತ್ರಿಕ ಮಣ್ಣು ನಷ್ಟ ಸಮೀಕರಣದಲ್ಲಿ ಮಳೆಯ ಬಿರುಸು, ಮಣ್ಣಿನ ಗುಣ, ಇಳಿಜಾರಿನ ಉದ್ದ-ಓರೆ, ಹೊದಿಕೆ, ಸಂರಕ್ಷಣಾ ಕ್ರಮ ಇವೆಲ್ಲವನ್ನೂ ಗುಣಿಸುತ್ತಾರೆ. ಸುಮಾರು 2.7 ಮೀಟರ್ ಎತ್ತರದ ದಿಣ್ಣೆ 2ಕ್ಕೆ 1ರ ಓರೆಯಲ್ಲಿದೆ ಅಂದುಕೊಳ್ಳಿ, ಅಂದರೆ ಎರಡು ಅಡಿ ಅಡ್ಡಕ್ಕೆ ಒಂದು ಅಡಿ ಎತ್ತರ. ಇಳಿಜಾರಿನ ಉದ್ದ 6 ಮೀಟರ್ ಆಗುತ್ತದೆ. ಇದನ್ನು 3ಕ್ಕೆ 1ಕ್ಕೆ ಇಳಿಸಿದರೆ ಉದ್ದ 8.5 ಮೀಟರ್. ಹಳೆಯ ಸಮೀಕರಣದಲ್ಲಿ ಚದರ ಮೀಟರಿನ ನಷ್ಟ ಮೂರನೇ ಒಂದರಷ್ಟು ಇಳಿಯುತ್ತದೆ, 1997ರ ಪರಿಷ್ಕೃತ ಸಮೀಕರಣದಲ್ಲಿ ಹತ್ತನೇ ಒಂದರಷ್ಟು ಮಾತ್ರ. ಅದಕ್ಕಾಗಿ 2.7 ಮೀಟರ್ ಜಾಗ ಬಿಡಬೇಕು. ಮೂವತ್ತು-ನಲವತ್ತರ ಸೈಟಿನಲ್ಲಿ ಯಾರು ಬಿಡುತ್ತಾರೆ? ಹೊದಿಕೆಯ ಅಂಶವೋ, ಬೋಳು ನೆಲಕ್ಕೆ 1 ಇದ್ದದ್ದು ಒತ್ತಾದ ಹುಲ್ಲಿಗೆ 0.01ರ ಮಟ್ಟಕ್ಕೆ ಬರುತ್ತದೆ. ಈ ಸಮೀಕರಣಗಳು ಹುಟ್ಟಿದ್ದು ಹೊಲದ ಇಳಿಜಾರಿಗೆ, ಕಡಿದಾದ ದಿಣ್ಣೆಗಲ್ಲ. ಟನ್ ಲೆಕ್ಕ ನಂಬಬೇಡಿ, ಹೋಲಿಕೆಗೆ ಮಾತ್ರ ಬಳಸಿ. ಹಾಗೆ ಬಳಸಿದರೂ ಜೆ.ಸಿ.ಬಿ. ಬಾಡಿಗೆಗಿಂತ ಹುಲ್ಲಿನ ಮೇಲೆ ಹಾಕಿದ ದುಡ್ಡೇ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಸ್ಪಷ್ಟ.

ಈಗ ದರ್ಜೆಯ ಆಯ್ಕೆ. 3ಕ್ಕೆ 1ಕ್ಕಿಂತ ಸೌಮ್ಯವಾದ ಇಳಿಜಾರು, ಉದ್ದ ನಾಲ್ಕೈದು ಮೀಟರಿನೊಳಗೆ, ಮೇಲಿನಿಂದ ನೀರು ಬರದು ಅಂತಿದ್ದರೆ 400 ಸಾಕು. ಅದರ ಕಣ್ಣುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೆಲ ಬಯಲಾಗಿಯೇ ಉಳಿಯುತ್ತದೆ, ಅಷ್ಟೂ ಕಡೆ ಹನಿ ನೇರ ಬಡಿಯುತ್ತದೆ. 2ಕ್ಕೆ 1ರವರೆಗೆ 700. ಒಂದೂವರೆಗೆ 1ರಷ್ಟು ಕಡಿದಾದ ಮೋಟು ದಂಡೆ, ಕೆರೆಯ ಅಂಚು, ನೀರು ನಿಂತು ಹೋಗುವ ಜಾಗಕ್ಕೆ 900. ಅದಕ್ಕಿಂತ ನೆಟ್ಟಗಿರುವ ಕಡಿತಕ್ಕೆ ಯಾವ ಹಾಸೂ ಬೇಡ, ತಡೆಗೋಡೆಯ ಎಂಜಿನಿಯರನ್ನು ಕರೆಯಿರಿ. ನಾರಿನ ಹಾಸು ಮೇಲ್ಪದರ ಕೊಚ್ಚುವುದನ್ನು ತಡೆಯುತ್ತದೆಯೇ ಹೊರತು ದಿಣ್ಣೆ ಒಟ್ಟಿಗೇ ಕುಸಿಯುವುದನ್ನಲ್ಲ. ನೆತ್ತಿಯಲ್ಲಿ ಇಳಿಜಾರಿಗೆ ಅಡ್ಡಲಾಗಿ ಬಿರುಕು ಕಂಡರೆ, ಬುಡ ಉಬ್ಬಿದ್ದರೆ ಅದು ಕುಸಿತದ ಲಕ್ಷಣ. ಕಟ್ಟಡ ಒಡೆದ ಡೆಬ್ರಿ ಸುರಿದು ಎಬ್ಬಿಸಿದ ದಿಣ್ಣೆಗೂ ಇದೇ ಮಾತು, ಬೆಂಗಳೂರಿನಲ್ಲಿ ಅಂಥವು ಕಡಿಮೆಯೇನಿಲ್ಲ.

ಅಂಗಡಿಯಲ್ಲಿ ತೂಕ ನೋಡದೆ ತರಬೇಡಿ. 2 ಮೀಟರ್ ಅಗಲ, 50 ಮೀಟರ್ ಉದ್ದದ ಸುರುಳಿ 100 ಚದರ ಮೀಟರ್. ಅದು 400 ಆದರೆ 40 ಕೆ.ಜಿ., 700 ಆದರೆ 70, 900 ಆದರೆ 90 ತೂಗಬೇಕು. 700 ಎಂದು ಹೇಳಿ ಕೊಟ್ಟದ್ದು 58 ತೂಗಿದರೆ ಮಾತಾಡಲು ನಿಮ್ಮ ಕೈಯಲ್ಲಿ ಲೆಕ್ಕವಿದೆ. ನಾರು ತೇವ ಹೀರುತ್ತದೆ, ಒದ್ದೆ ಸುರುಳಿಯ ತೂಕ ನಂಬುವಂತಿಲ್ಲ. ಕೈ ಹಾಕಿ ಒಳಸುತ್ತು ತಣ್ಣಗಿದೆಯೋ ನೋಡಿ. ಅನುಮಾನ ಬಂದರೆ ಒಂದು ಮೀಟರ್ ಚೌಕದ ತುಂಡು ಕತ್ತರಿಸಿ, ಎರಡು ದಿನ ಬಿಸಿಲಿಗೆ ಒಣಗಿಸಿ ದಿನಸಿ ತಕ್ಕಡಿಯಲ್ಲಿ ತೂಗಿ. ಆಮೇಲೆ ಅಂಚು: ಪಕ್ಕದ ಹುರಿ ಬಿಚ್ಚಿಕೊಂಡು ಜೋಲುತ್ತಿದ್ದರೆ ಹಾಸುವಾಗ ಅಗಲವೇ ಕಮ್ಮಿಯಾಗುತ್ತದೆ. ಎರಡು ಹುರಿಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ. ಸುಲಭವಾಗಿ ಜಾರಿ ಕಿಂಡಿ ದೊಡ್ಡದಾದರೆ ನೇಯ್ಗೆ ಸಡಿಲ. ದರ ಕೇಳುವಾಗ ಸುರುಳಿಗೆ ಎಷ್ಟು ಅನ್ನಬೇಡಿ, ಚದರ ಮೀಟರಿಗೆ ಎಷ್ಟು ಅನ್ನಿ; ಒಂದೊಂದು ಕಡೆ ಒಂದೊಂದು ಅಗಲದ ಸುರುಳಿ ಇಟ್ಟಿರುತ್ತಾರೆ, ಹೋಲಿಸಲು ಆಗದು. ತೆಂಗಿನ ನಾರು ಮಂಡಳಿಯ ಕಾಯರ್ ತಂತ್ರಜ್ಞಾನ ಸಂಸ್ಥೆ ಪೀಣ್ಯದಲ್ಲೇ ಇದೆ, ಬಡಾವಣೆ ಮಟ್ಟದ ದೊಡ್ಡ ಖರೀದಿಯಾದರೆ ಅಲ್ಲಿ ವಿಚಾರಿಸಿಕೊಂಡು ಮುಂದುವರಿಯುವುದು ಒಳ್ಳೆಯದು.

ಎಷ್ಟು ತರಬೇಕು? ಇಳಿಜಾರಿನ ವಿಸ್ತೀರ್ಣದಷ್ಟೇ ತಂದವರಿಗೆ ಕೊನೆಯಲ್ಲಿ ಒಂದು ಮೂಲೆ ಬೋಳಾಗಿ ಉಳಿಯುತ್ತದೆ. ಮೇಲಿನ ದಿಣ್ಣೆಯನ್ನೇ ತೆಗೆದುಕೊಳ್ಳಿ: 20 ಮೀಟರ್ ಅಗಲ, 6 ಮೀಟರ್ ಇಳಿಜಾರು, 120 ಚದರ ಮೀಟರ್. ಪಟ್ಟಿಗಳ ಪಕ್ಕದ ಮಡಿಕೆ, ಅಂದರೆ ಒಂದರ ಮೇಲೊಂದು ಬರುವ ಅಂಚು, 15 ಸೆಂ.ಮೀ., ಹಾಗಾಗಿ 2 ಮೀಟರ್ ಪಟ್ಟಿ ಮುಚ್ಚುವುದು 1.85 ಮೀಟರ್, ಬೇಕಾದದ್ದು 11 ಪಟ್ಟಿ. ಪ್ರತಿ ಪಟ್ಟಿಗೆ 6 ಮೀಟರ್ ಇಳಿಜಾರು, ತುದಿ ಹೂಳುವ ಮೇಲಿನ ಕಂದಕಕ್ಕೆ 90 ಸೆಂ.ಮೀ., ಕೆಳಗಿನದಕ್ಕೆ 60, ಒಟ್ಟು 7.5 ಮೀಟರ್. ಒಂದು ಸುರುಳಿಯಲ್ಲಿ ಇಂಥ ಆರು ಪಟ್ಟಿ ಬರುತ್ತವೆ, 5 ಮೀಟರ್ ತುಂಡು ಉಳಿಯುತ್ತದೆ. ಎರಡು ಸುರುಳಿ ಸರಿಹೋಯಿತು. ಹಾಸಿದ ಒಟ್ಟು ಬಟ್ಟೆ 165 ಚದರ ಮೀಟರ್, ಅಂದರೆ ಅಳತೆಗಿಂತ ಮೂರನೇ ಒಂದಕ್ಕೂ ಹೆಚ್ಚು. ಉಳಿದ ತುಂಡುಗಳನ್ನು ಎಸೆಯಬೇಡಿ, ತೇಪೆಗೆ ಬೇಕಾಗುತ್ತವೆ.

ಗೂಟಕ್ಕೆ 6 ಎಂ.ಎಂ. ಕಂಬಿಯನ್ನು ಯು ಆಕಾರಕ್ಕೆ ಬಗ್ಗಿಸಿ: ಕಾಲು 25 ಸೆಂ.ಮೀ., ತಲೆ 8 ಸೆಂ.ಮೀ., ಒಂದಕ್ಕೆ 58 ಸೆಂ.ಮೀ. ಕಂಬಿ. ಈ ದಿಣ್ಣೆಗೆ ಚದರ ಮೀಟರಿಗೊಂದರಂತೆ ಮೈತುಂಬ 120, ಮಡಿಕೆ ಮತ್ತು ಕಂದಕಗಳಿಗೆ ಸೇರಿಸಿ 240 ಇಟ್ಟುಕೊಳ್ಳಿ. ಸುಮಾರು 140 ಮೀಟರ್ ಕಂಬಿ, 31 ಕೆ.ಜಿ. ಬಾರ್ ಬೆಂಡರ್ ಅರ್ಧ ದಿನದಲ್ಲಿ ಮುಗಿಸುತ್ತಾರೆ. ಬಿದಿರಿನ ಗೂಟ ಅಗ್ಗವೇನೋ ಹೌದು, ಕೆಮ್ಮಣ್ಣಿನಲ್ಲಿ ಗೆದ್ದಲಿಗೆ ನಾರಿಗಿಂತ ಬಿದಿರೇ ರುಚಿ. ಸಡಿಲ ಮಣ್ಣಿಗೆ ಕಾಲು 30-40 ಸೆಂ.ಮೀ. ಇರಲಿ.

ಹಾಸುವ ಮೊದಲು ಮೇಲಿನ ನೀರು. ಇದನ್ನು ಬಿಟ್ಟವರ ಹಾಸೇ ಮೊದಲು ಕಿತ್ತುಬರುವುದು. ದಿಣ್ಣೆಯ ಮೇಲೆ 1,000 ಚದರ ಮೀಟರ್ ಸಿಮೆಂಟು ಅಂಗಳ, ಛಾವಣಿ ಇದ್ದು ಗಂಟೆಗೆ 60 ಮಿ.ಮೀ. ಬಿರುಸಿನ ಮಳೆ ಬಿದ್ದರೆ, ಶೇ. 80 ಹರಿದುಬಂದರೂ ಸೆಕೆಂಡಿಗೆ 13 ಲೀಟರ್ ನೀರು ನೆತ್ತಿಗೆ ಬರುತ್ತದೆ. ಅದು ಒಂದೇ ಕಡೆ ಇಳಿದರೆ 900 ಕೂಡ ನಿಲ್ಲದು; ನೀರು ಹಾಸಿನ ಅಡಿಗೆ ನುಗ್ಗಿ, ಮೇಲೆ ಬಲೆ ಹಾಗೇ ಇದ್ದು ಕೆಳಗೆ ಕೊರಕಲು ಬಿದ್ದಿರುತ್ತದೆ. ನೆತ್ತಿಯಿಂದ ಒಂದು ಮೀಟರ್ ಹಿಂದಕ್ಕೆ 30 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ತಡೆಗಾಲುವೆ ತೆಗೆಸಿ, 200ಕ್ಕೆ 1ರ ಇಳಿಕೆಯಲ್ಲಿ. ಅದು 20 ಸೆಂ.ಮೀ. ತುಂಬಿ ಹರಿದಾಗಲೇ ಸೆಕೆಂಡಿಗೆ 27 ಲೀಟರಿನಷ್ಟು ಸಾಗಿಸುತ್ತದೆ, ಎರಡು ಪಟ್ಟು ಅವಕಾಶ. ಕಾಲುವೆ ಮುಗಿಯುವ ಕಡೆ ಕಲ್ಲು ಹಾಸಿದ ಇಳಿಗಾಲುವೆ ಬೇಕು. ಛಾವಣಿಯ ಪೈಪನ್ನು ಇಳಿಜಾರಿನ ಮೇಲೆ ಬಿಡುವ ಚಾಳಿ ನಮ್ಮೂರಿನಲ್ಲಿ ವಿಪರೀತ. ಆ ಪೈಪನ್ನು ಬುಡದವರೆಗೆ ಉದ್ದ ಮಾಡಿಸಿ, ಇಲ್ಲವೇ ಇಂಗುಗುಂಡಿಗೆ ಕೊಡಿ. ಇಂಗುಗುಂಡಿ ನೆತ್ತಿಯ ಪಕ್ಕದಲ್ಲೇ ಬೇಡ, ದಿಣ್ಣೆ ಒಳಗಿನಿಂದ ನೆನೆಯುತ್ತದೆ.

ಆಮೇಲೆ ಮೈ ಸಮ ಮಾಡುವುದು. ಇರುವ ಕೊರಕಲುಗಳಿಗೆ ಮಣ್ಣು ತುಂಬಿ ತುಳಿಸಿ, ಮುಷ್ಟಿಗಿಂತ ದೊಡ್ಡ ಕಲ್ಲು, ಬೇರಿನ ತುಂಡು ತೆಗೆಯಿರಿ. ಗುದ್ದಲಿಯಿಂದ ಅಡ್ಡಡ್ಡ ಗೀರು ಹಾಕಿ, ಜರಡಿ ಹಿಡಿದ ಗೊಬ್ಬರ-ಮೇಲ್ಮಣ್ಣು 2 ಸೆಂ.ಮೀ. ಹರಡಿ, ಈ ದಿಣ್ಣೆಗೆ 2.4 ಘನ ಮೀಟರ್. ಕಡಿದ ದಿಣ್ಣೆಯ ಒಳಮಣ್ಣಿನಲ್ಲಿ ಸಾರವೇ ಇರದು, ಗೊಬ್ಬರವಿಲ್ಲದೆ ಬೀಜ ಮೊಳೆತು ಬೆರಳೆತ್ತರಕ್ಕೆ ನಿಂತುಬಿಡುತ್ತದೆ. ಗೀರು ಹಾಕದೆ ಗೊಬ್ಬರ ಹರಡಿದರೆ ಮೊದಲ ಮಳೆಗೆ ಆ ಪದರವೇ ಜಾರುತ್ತದೆ. ಬೀಜ ಬಿತ್ತುವುದು ಬಲೆ ಹಾಸುವ ಮೊದಲು, ಗರಿಕೆಯ ತುಂಡು ನೆಡುವುದು ಹಾಸಿದ ನಂತರ. ಅಂಜನ ಹುಲ್ಲಿನ ಬೀಜ ಹತ್ತಿಯ ಹಾಗೆ ಹಗುರ, ತೇವದ ಮರಳಿನಲ್ಲಿ ಕಲಸಿ ಎರಚಿ. ಜೊತೆಗೆ ಅಲಸಂದೆ ಇರಲಿ, ಬೇಗ ಎಲೆ ಹರಡುತ್ತದೆ, ಬಳ್ಳಿ ತಾನೇ ಸತ್ತು ಹೊದಿಕೆಯಾಗುತ್ತದೆ. ಆಗಸ್ಟ್ ದಾಟಿ ಹಾಸುವವರು ಅಲಸಂದೆ ಬಿಟ್ಟು ಹುರುಳಿ ಹಾಕಿ.

ಹಾಸು ಮೇಲಿನಿಂದ ಕೆಳಕ್ಕೆ ಬಿಚ್ಚಬೇಕು, ಅಡ್ಡಲಾಗಿ ಅಲ್ಲ. ನೆತ್ತಿಯಲ್ಲಿ 30 ಸೆಂ.ಮೀ. ಆಳ-ಅಗಲದ ಕಂದಕ ತೆಗೆದು ತುದಿಯನ್ನು ಒಳಗಿಳಿಸಿ, ಅರ್ಧ ಮೀಟರಿಗೊಂದು ಗೂಟ ಹೊಡೆದು, ಮಣ್ಣು ತುಂಬಿ ಚೆನ್ನಾಗಿ ದಮ್ಮಸ್ಸು ಮಾಡಿ. ಪಟ್ಟಿಯನ್ನು ಬಿಗಿಯಾಗಿ ಎಳೆಯಲೇಬಾರದು. ಮೇಸ್ತ್ರಿಗಳು ಎಡವುವುದು ಇಲ್ಲೇ: ನೋಟಕ್ಕೆ ನೀಟಾಗಿರಲಿ ಅಂತ ಕಾರ್ಪೆಟ್ಟಿನಂತೆ ಎಳೆದು ಬಿಗಿಯುತ್ತಾರೆ, ತಗ್ಗು ಇರುವ ಕಡೆ ಬಲೆ ನೆಲ ಬಿಟ್ಟು ಮೇಲೆ ನಿಲ್ಲುತ್ತದೆ. ನೆಲ ಮುಟ್ಟದ ಬಲೆ ನೀರಿನ ವೇಗ ತಗ್ಗಿಸದು, ಅದರಡಿಯಲ್ಲಿ ಹೂಳು ನಿಲ್ಲದು, ಮೊಳಕೆಗೆ ತೇವ ಸಿಗದು. ಪರೀಕ್ಷೆ ಸರಳ. ಬರಿಗಾಲಿನಲ್ಲಿ ಒತ್ತಿ ಬಿಡಿ. ಸ್ಪ್ರಿಂಗಿನಂತೆ ಮೇಲೆದ್ದರೆ ಅಲ್ಲಿ ಇನ್ನೊಂದು ಗೂಟ ಬೇಕು. ಎರಡು ತುಂಡು ಮೇಲೆ-ಕೆಳಗೆ ಸೇರುವ ಕಡೆ ಮೇಲಿನದು ಕೆಳಗಿನದರ ಮೇಲೆ 30 ಸೆಂ.ಮೀ. ಬರಲಿ, ಹೆಂಚು ಹೊದಿಸಿದಂತೆ.

ಹಾಸಿದ ಮೇಲೆ ಗರಿಕೆಯ ಬೇರುಬಿಟ್ಟ ತುಂಡುಗಳನ್ನು 15 ಸೆಂ.ಮೀ. ಅಂತರದಲ್ಲಿ ಬಲೆಯ ಕಣ್ಣಿನೊಳಗೆ ಮೊನೆಗೋಲಿನಿಂದ ಊರಿ. ಕಣ್ಣು ಚಿಕ್ಕದಾಯಿತೆಂದು ಹುರಿ ಕತ್ತರಿಸಬೇಡಿ, ಒಂದು ಹುರಿ ಕಡಿದರೆ ಅಕ್ಕಪಕ್ಕದವೂ ಸಡಿಲ. ಕಡಿದಾದ ಕಡೆ ಗರಿಕೆಯ ಜೊತೆ ಲಾವಂಚದ ಸಾಲು ಕೊಡಿ: ಒಂದು-ಒಂದೂವರೆ ಮೀಟರ್ ಎತ್ತರಕ್ಕೊಂದು ಸಾಲು, ಸಾಲಿನಲ್ಲಿ 10-15 ಸೆಂ.ಮೀ.ಗೊಂದು ತೆಂಡೆ. ಬೇರು ನೆಟ್ಟಗೆ ಆಳಕ್ಕಿಳಿಯುತ್ತದೆ, ಗರಿಕೆಗೆ ಆ ಶಕ್ತಿಯಿಲ್ಲ. ಗುಂಡ್ಲುಪೇಟೆ ಕಡೆಯ ರೈತರು ವಿಶ್ವಬ್ಯಾಂಕಿನವರು ಬಂದು ಹೇಳುವುದಕ್ಕೆ ಎಷ್ಟೋ ಮೊದಲೇ ಲಾವಂಚವನ್ನು ಹೊಲದ ಬದುವಿಗೆ ಹಾಕಿಕೊಂಡಿದ್ದರು. ಸಾಲಿನಲ್ಲಿ ಒಂದು ತೆಂಡೆ ಸತ್ತರೆ ನೀರು ಆ ಕಿಂಡಿಯಲ್ಲೇ ನುಗ್ಗುತ್ತದೆ, ತಿಂಗಳೊಳಗೆ ತುಂಬಿ.

ಕಾಲ ಮುಖ್ಯ. ಇಲ್ಲಿ ಮಳೆ ಜಾಸ್ತಿ ಸುರಿಯುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಮೇ ಕೊನೆ, ಜೂನ್ ಮೊದಲ ವಾರದಲ್ಲಿ ಹಾಸಿದರೆ ಸೆಪ್ಟೆಂಬರಿನ ಹೊತ್ತಿಗೆ ಗರಿಕೆ ಕೈಕೈ ಹಿಡಿದಿರುತ್ತದೆ. ಜೂನ್-ಜುಲೈಯಲ್ಲಿ ಬರೀ ಜಿಟಿಜಿಟಿ ಹನಿದು ಬಿಟ್ಟು ಹೋದರೆ ಎರಡು ದಿನಕ್ಕೊಮ್ಮೆ ನೀರು ಕೊಡಬೇಕು, ಪೈಪಿನ ಬಾಯಿಗೆ ನೀರು ಚಿಮುಕಿಸುವ ಜರಡಿ ತಲೆ ಹಾಕಿ. ನವೆಂಬರಿನಲ್ಲಿ ಹಾಸುವವರು ನಾಲ್ಕು ತಿಂಗಳ ನೀರಿನ ಖರ್ಚನ್ನೂ ಹಾಸಿನ ಖರ್ಚಿಗೇ ಸೇರಿಸಿ ಲೆಕ್ಕ ಹಾಕಲಿ. ಒಣ ನಾರಿಗೆ ಬೆಂಕಿ ಬೇಗ ಹತ್ತುತ್ತದೆ ಎಂಬುದೂ ನೆನಪಿರಲಿ. ಬೀಡಿ ತುಂಡು, ಬದಿಯ ಖಾಲಿ ಸೈಟಿನಲ್ಲಿ ಕಸ ಸುಡುವವರು, ದೀಪಾವಳಿಯ ರಾಕೆಟ್ಟು ಮೂರೂ ಅಪಾಯ. ಮೇಕೆ ಬಂದರೆ ಹುಲ್ಲಿನ ಜೊತೆ ಗೂಟವೂ ಎದ್ದುಬರುತ್ತದೆ, ಮೊದಲ ಆರು ತಿಂಗಳು ಬೇಲಿ ಬೇಕು.

ಬೇರೆ ಮಾಲುಗಳ ಮಾತು ಚುಟುಕಾಗಿ. ನೇಯದೆ ಒತ್ತಿ ಮಾಡಿದ ನಾರಿನ ಹೊದಿಕೆ ಹನಿಯ ಪೆಟ್ಟನ್ನು ನೇಯ್ದದ್ದಕ್ಕಿಂತ ಚೆನ್ನಾಗಿ ತಡೆಯುತ್ತದೆ, ಆದರೆ ಕೆಲವು ತಯಾರಿಗಳಲ್ಲಿ ಅದನ್ನು ಹಿಡಿದಿಡಲು ತೆಳು ಪ್ಲಾಸ್ಟಿಕ್ ಬಲೆ ಹೊಲಿದಿರುತ್ತಾರೆ. ನಾರು ಕರಗಿದ ಮೇಲೂ ಆ ಬಲೆ ಉಳಿದು ಓತಿ, ಹಾವು ಸಿಕ್ಕಿಕೊಳ್ಳುತ್ತವೆ, ಹುಲ್ಲು ಕತ್ತರಿಸುವ ಯಂತ್ರಕ್ಕೂ ಸುತ್ತಿಕೊಳ್ಳುತ್ತದೆ. ತೋಟಕ್ಕೆ ಅದು ಬೇಡ. ಕೆರೆಯ ಅಂಚಿಗೆ ಅಲೆಯ ಹೊಡೆತ ತಡೆಯಲು 30 ಸೆಂ.ಮೀ. ದಪ್ಪದ ನಾರಿನ ಉರುಳೆಯನ್ನು ನೀರಿನ ಮಟ್ಟದಲ್ಲಿ ಗೂಟ ಹೊಡೆದು ಕೂರಿಸಿ, ಅದರ ಮೇಲಿನಿಂದ 900 ಹಾಸುವುದು ಒಳ್ಳೆಯ ಜೋಡಿ. ಏರಿಯ ಮೈಮೇಲೆ ಹುಲ್ಲು ಸಾಕು. ಮರ ನೆಡುವ ಉತ್ಸಾಹ ಬೇರೆ ಕಡೆ ತೋರಿಸಿ; ಬೇರು ಸತ್ತು ಕೊಳೆತ ದಾರಿಯಲ್ಲಿ ನೀರು ಒಸರಿ ಏರಿಗೇ ಸಂಚಕಾರ.

ಫಲ ಬಂತೋ ಇಲ್ಲವೋ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಈ ದಿಣ್ಣೆಯಿಂದ ಒಂದು ಸೆಂ.ಮೀ. ಮಣ್ಣು ಹೋದರೆ 1.2 ಘನ ಮೀಟರ್, ಸುಮಾರು 1.7 ಟನ್, ಆದರೂ ನೋಡಿದರೆ ದಿಣ್ಣೆ ಮೊದಲಿನ ಹಾಗೇ ಕಾಣುತ್ತದೆ. ಸಂಶೋಧಕರು ಬಳಸುವ ಸವೆತ ಕಡ್ಡಿಯ ವಿಧಾನ ಮನೆಯಲ್ಲೂ ಆಗುತ್ತದೆ. 6 ಎಂ.ಎಂ. ಕಂಬಿಯ 40 ಸೆಂ.ಮೀ. ತುಂಡುಗಳನ್ನು ಮೇಲೆ, ನಡುವೆ, ಕೆಳಗೆ ಮೂರು ಮೂರರಂತೆ 30 ಸೆಂ.ಮೀ. ಆಳ ಹೊಡೆದು, ಹೊರಗುಳಿದ 10 ಸೆಂ.ಮೀ.ಯನ್ನು ಪ್ರತಿ ದೊಡ್ಡ ಮಳೆಯ ನಂತರ ಸ್ಕೇಲಿನಿಂದ ಅಳೆದು ಬರೆದಿಡಿ. ಅಳತೆ ಕಂಬಿಯ ಪಕ್ಕದಲ್ಲಿ ಇರಲಿ, ಇಳಿಜಾರಿನ ಕೆಳಬದಿಯಲ್ಲಲ್ಲ. ಅಲ್ಲಿ ಕಂಬಿಯೇ ಸುಳಿ ಎಬ್ಬಿಸಿ ಗುಳಿ ಮಾಡಿರುತ್ತದೆ. ಮೇಲಿನ ಸಾಲಿನಲ್ಲಿ ಮಾತ್ರ ಕಂಬಿ ಹೆಚ್ಚು ಹೊರಬಂದಿದ್ದರೆ ತಡೆಗಾಲುವೆ ಹೂಳು ತುಂಬಿ ಉಕ್ಕುತ್ತಿದೆ ಎಂದರ್ಥ. ನಡುವಿನ ಸಾಲಿನಲ್ಲಾದರೆ ಹಾಸು ನೆಲ ಮುಟ್ಟಿಲ್ಲ, ಅಲ್ಲಿ ಗೂಟ ಹೆಚ್ಚಿಸಿ. ಕೆಳಗಿನ ಸಾಲಿನ ಕಂಬಿ ಹೂಳಿನಲ್ಲಿ ಮುಳುಗುತ್ತಾ ಬಂದಿದ್ದರೆ ಮೇಲೆಲ್ಲೋ ಬಲೆಯ ಅಡಿಯಲ್ಲಿ ಕೊರಕಲು ಶುರುವಾಗಿದೆ; ಪಟ್ಟಿಯ ಮಡಿಕೆ ಬಿಚ್ಚಿ ನೋಡಿ, ಮಣ್ಣು ತುಂಬಿ, ಎತ್ತಿಟ್ಟ ತುಂಡಿನಿಂದ ತೇಪೆ ಹಾಕಿ ಎಲ್ಲ ಬದಿಯಲ್ಲೂ 30 ಸೆಂ.ಮೀ. ಮಡಿಕೆ ಬಿಟ್ಟು ಗೂಟ ಹೊಡೆಯಿರಿ.